ಕಾವಿಗೆ ಕೂತ ಕೋಳಿ ಮತ್ತು ಏಳನೆಯ ರಾತ್ರಿಯ ಮೊಟ್ಟೆ ಪರೀಕ್ಷೆ

ಅಡಿಕೆಯ ಹಣ ವರ್ಷಕ್ಕೆ ಒಂದೆರಡು ಸಲ, ಕಾಫಿಯ ಹಣ ಕೊಯ್ಲು ಮುಗಿದ ಮೇಲೆ ಕೈಸೇರುವಂಥದು. ನಡುವಿನ ತಿಂಗಳುಗಳಲ್ಲಿ ಮನೆಯ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಓಡಾಡುವಂತೆ ಮಾಡುವುದು, ಕೋಳಿ ಸಾಕುವ ರೂಢಿಯಿರುವ ಮನೆಗಳಲ್ಲಿ, ಅಂಗಳದ ಊರಕೋಳಿಯೇ. ಆದರೂ ತೋಟದ ಲೆಕ್ಕಪುಸ್ತಕದಲ್ಲಿ ಕೋಳಿಗೆ ಒಂದು ಹಾಳೆಯನ್ನು ಮೀಸಲಿಡುವವರು ಕಡಿಮೆ. "ಹನ್ನೆರಡು ಮೊಟ್ಟೆ ಇಟ್ಟಿದ್ದೆವು, ಐದು ಮರಿ ಬಂತು, ಉಳಿದದ್ದು ಕೆಟ್ಟುಹೋಯಿತು" ಎಂದು ಹೇಳಿ ಸುಮ್ಮನಾಗುತ್ತೇವೆ. ಏಕೆ ಕೆಟ್ಟಿತು ಎಂದು ಕೇಳಿದರೆ ಗುಡುಗಿನ ಮೇಲೋ ದೃಷ್ಟಿಯ ಮೇಲೋ ಹಾಕುತ್ತೇವೆ.

ನಷ್ಟ ಎಷ್ಟೆಂದು ಮೊದಲು ನೋಡೋಣ. ಊರಕೋಳಿ ಒಂದು ಸರದಿಯಲ್ಲಿ 10ರಿಂದ 15 ಮೊಟ್ಟೆ ಇಟ್ಟು ಕಾವಿಗೆ ಬರುತ್ತದೆ. ಕಾವು 21 ದಿನ, ಆಮೇಲೆ ಮರಿಗಳನ್ನು ಸುತ್ತಾಡಿಸುವುದು ಆರೆಂಟು ವಾರ. ಹೀಗೆ ವರ್ಷಕ್ಕೆ ಮೂರು ನಾಲ್ಕು ಸರದಿಗಿಂತ ಹೆಚ್ಚು ಅದರಿಂದಾಗದು. ಒಂದು ಕಾವು ಕೆಟ್ಟರೆ ಆ ಹೇಂಟೆಯ ಒಂದು ವರ್ಷದ ದುಡಿಮೆಯಲ್ಲಿ ಮೂರರಲ್ಲೊಂದು ಅಥವಾ ನಾಲ್ಕರಲ್ಲೊಂದು ಪಾಲು ಹೋಯಿತೆಂದೇ ಅರ್ಥ.

ಈ ನಷ್ಟವನ್ನು ತಗ್ಗಿಸುವ ಸುಲಭ ಉಪಾಯವೊಂದಿದೆ. ಕಾವಿಗಿಟ್ಟ ಏಳನೆಯ ರಾತ್ರಿ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡುವುದೇ ಅದು. ಕೆಟ್ಟದ್ದನ್ನು ತೆಗೆದುಹಾಕುವುದು ಈ ಪರೀಕ್ಷೆಯ ಅರ್ಧ ಪ್ರಯೋಜನ ಮಾತ್ರ. ತಪ್ಪು ಹುಂಜದಲ್ಲಿದೆಯೇ, ಮೊಟ್ಟೆ ಕೂಡಿಟ್ಟ ರೀತಿಯಲ್ಲಿದೆಯೇ, ಕಾವಿನ ಬುಟ್ಟಿಯಲ್ಲಿದೆಯೇ ಎಂಬುದನ್ನು ಮೊಟ್ಟೆಯೇ ತಿಳಿಸುತ್ತದೆ. ಅದನ್ನು ಓದುವ ಕ್ರಮವನ್ನು ಈ ಪಾಠದಲ್ಲಿ ವಿವರಿಸುತ್ತೇವೆ.

ಕಾವಿಗೆ ಇಡುವ ಮೊದಲು

ಮರಿಯಾಗಬೇಕಾದರೆ ಹುಂಜ ಬೇಕು. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆ ಹುಂಜವಿಲ್ಲದ ಕೋಳಿಗಳದ್ದು. ಅದನ್ನು ಎಷ್ಟು ದಿನ ಕಾವಿಗಿಟ್ಟರೂ ಮರಿಯಾಗದು. 8ರಿಂದ 10 ಹೇಂಟೆಗಳಿಗೆ ಚುರುಕಾದ ಒಂದು ಹುಂಜ ಸಾಕು. ಒಮ್ಮೆ ಕೂಡಿದ ಮೇಲೆ ಹುಂಜದ ವೀರ್ಯ ಹೇಂಟೆಯ ಒಡಲಲ್ಲಿ ಹತ್ತು ದಿನಕ್ಕೂ ಮಿಕ್ಕಿ ಉಳಿಯುತ್ತದೆ. ಆದುದರಿಂದ ಹುಂಜವನ್ನು ಮಾರಿದ ಮರುವಾರ ಇಟ್ಟ ಮೊಟ್ಟೆಯೂ ಮರಿಯಾದೀತು, ತಿಂಗಳ ಮೇಲೆ ಇಟ್ಟದ್ದು ಆಗದು. ಒಂದೇ ಹುಂಜವನ್ನು ಅದರ ಮಕ್ಕಳು ಮೊಮ್ಮಕ್ಕಳ ಜೊತೆ ವರ್ಷಗಟ್ಟಲೆ ಬಿಟ್ಟರೆ ರಕ್ತಸಂಬಂಧ ಹತ್ತಿರವಾಗಿ ಮರಿಯಾಗುವ ಪ್ರಮಾಣ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ನೆರೆಮನೆಯವರೊಡನೆ ಹುಂಜ ಬದಲಿಸಿಕೊಳ್ಳುವುದು ಒಳ್ಳೆಯದು. ಹೊಸದಾಗಿ ತಂದದ್ದನ್ನು ಎರಡು ವಾರ ಬೇರೆ ಇರಿಸಿ, ರೋಗವಿಲ್ಲವೆಂದು ಕಂಡ ಮೇಲೆ ಬಿಡಬೇಕು.

ಮೊಟ್ಟೆಗಳನ್ನು ಪ್ರತಿದಿನವೂ ಆಯ್ದುಕೊಂಡು, ಸೀಸದಕಡ್ಡಿಯಿಂದ ಇಟ್ಟ ತಾರೀಖನ್ನು ಚಿಪ್ಪಿನ ಮೇಲೆ ಬರೆಯಬೇಕು. ಬುಟ್ಟಿಗೆ ಇಡುವಾಗ ಏಳು ದಿನಕ್ಕಿಂತ ಹಳೆಯದಲ್ಲದ, ನಡುಗಾತ್ರದ, ಬಿರುಕಿಲ್ಲದ ಮೊಟ್ಟೆಗಳನ್ನೇ ಆರಿಸಬೇಕು. ಕೂಡಿಡುವ ಸ್ಥಳ ತಂಪಾಗಿರಬೇಕು. ಒಲೆಯ ಪಕ್ಕದ ಗೂಡು, ಹೆಂಚಿನ ಕೆಳಗಿನ ಅಟ್ಟ ಇವೆರಡೂ ಬೇಡ. ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಶಾಖದಲ್ಲಿ ಭ್ರೂಣ ಸ್ವಲ್ಪ ಸ್ವಲ್ಪವೇ ಬೆಳೆಯತೊಡಗುತ್ತದೆ, ಆದರೆ ಪೂರ್ತಿ ಬೆಳೆಯಲು ಬೇಕಾದ ಕಾವು ಸಿಗದೆ ಬಲಗುಂದಿ ಸಾಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ "ಗುಡುಗಿಗೆ ಕೆಟ್ಟಿತು" ಎನ್ನುವ ಮೊಟ್ಟೆಗಳಲ್ಲಿ ಬಹಳಷ್ಟು ಹೀಗೆ ಸೆಕೆಗೆ ಕೆಟ್ಟವು. ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುವ ರೂಢಿಯಿಂದ ತೊಂದರೆಯೇನೂ ಇಲ್ಲ, ಆದರೆ ಅದರಿಂದ ಸೆಕೆ ಕಡಿಮೆಯಾಗದು. ಫ್ರಿಜ್ಜಿನಲ್ಲಿಡುವುದೂ ಸಲ್ಲದು, ಅಲ್ಲಿನ ಚಳಿ ಭ್ರೂಣಕ್ಕೆ ಅತಿಯಾಗುತ್ತದೆ. ತಣ್ಣನೆಯ ಕೋಣೆಯಲ್ಲಿ ಮರಳು ತುಂಬಿದ ಮಡಕೆಯ ಮೇಲೆ, ಚೂಪು ತುದಿ ಕೆಳಗಾಗಿ ಇರಿಸಿದರೆ ಸಾಕು.

ಮೊಟ್ಟೆಯನ್ನು ತೊಳೆಯಬಾರದು. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ, ಅವನ್ನು ಮುಚ್ಚಿದ ತೆಳು ಲೇಪವು ರೋಗಾಣುಗಳನ್ನು ತಡೆಯುತ್ತದೆ. ತೊಳೆದರೆ ಆ ಕಾವಲು ಹೋಗುತ್ತದೆ. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ಕಾವಿಗಿಡದೆ ಅಡಿಗೆಗೆ ಬಳಸಿರಿ.

ಹೇಂಟೆ ಮತ್ತು ಬುಟ್ಟಿ

ಕಾವಿಗೆ ಬಂದ ಹೇಂಟೆ ರಾತ್ರಿಯೂ ಗೂಡು ಬಿಡದು. ಕೈ ಹತ್ತಿರ ಒಯ್ದರೆ ಗರಿ ಕೆದರಿ ಕುಕ್ಕಲು ಬರುತ್ತದೆ, ಕ್ಲಕ್ ಕ್ಲಕ್ ಎಂದು ಸದ್ದು ಮಾಡುತ್ತದೆ, ಎದೆಯ ಕೆಳಗಿನ ಗರಿ ಉದುರಿ ಚರ್ಮ ಬಿಸಿಯಾಗಿರುತ್ತದೆ. ಒಂದು ದಿನ ಕೂತು ಮರುದಿನ ಎದ್ದು ತಿರುಗುವುದನ್ನು ನಂಬಬಾರದು. ಎರಡು ಮೂರು ದಿನ ಬೇರೆ ಮೊಟ್ಟೆಗಳ ಮೇಲೆ ಕೂರಿಸಿ ನೋಡಿ, ಗಟ್ಟಿಯಾಗಿ ಕೂತಿತೆಂದು ಕಂಡ ಮೇಲೆ ಕತ್ತಲಾದ ಬಳಿಕ ಆರಿಸಿಟ್ಟ ಮೊಟ್ಟೆಗಳೆಲ್ಲವನ್ನೂ ಒಟ್ಟಿಗೇ ಇಡಬೇಕು. ದಿನಕ್ಕೆರಡರಂತೆ ಸೇರಿಸುತ್ತ ಹೋದರೆ ಮರಿ ಹೊರಡುವುದೂ ಬೇರೆ ಬೇರೆ ದಿನವಾಗಿ, ಮೊದಲ ಮರಿಗಳೊಡನೆ ತಾಯಿ ಎದ್ದುಹೋಗುತ್ತದೆ, ಉಳಿದವು ಚಿಪ್ಪಿನಲ್ಲೇ ಸಾಯುತ್ತವೆ.

ಅಗಲಬಾಯಿಯ ಬಿದಿರಿನ ಬುಟ್ಟಿಯ ತಳಕ್ಕೆ ಮೂರು ಬೆರಳಿನಷ್ಟು ಜರಡಿ ಹಿಡಿದ ಮಣ್ಣು, ಅದರ ಮೇಲೆ ತೆಳ್ಳಗೆ ಒಲೆಯ ಬೂದಿ, ಮೇಲೆ ಮೆದುವಾದ ಒಣ ಬೈಹುಲ್ಲು ಹಾಸಬೇಕು. ನಡುವೆ ತುಸು ತಗ್ಗಿರಲಿ, ಮೊಟ್ಟೆಗಳು ಹೊರಳಿ ಒಂದೆಡೆ ಸೇರುತ್ತವೆ. ಹೇನಿನ ಕಾಟಕ್ಕೆ ಒಣಗಿದ ಲಕ್ಕಿ ಸೊಪ್ಪು ಹಾಕುವ ರೂಢಿ ಮಲೆನಾಡಿನಲ್ಲಿದೆ, ಬೂದಿಯೂ ಸಹಾಯಕ. ಹೇನು ಹೆಚ್ಚಾದ ಕೋಳಿ ನೆಮ್ಮದಿಯಿಂದ ಕೂರದು. ಬುಟ್ಟಿಯನ್ನು ಇಲಿ, ಹೆಗ್ಗಣ, ಹಾವು, ಮುಂಗುಸಿ ಬಾರದ, ಮಳೆಯ ಎರಚಲು ತಾಗದ ಅರೆಗತ್ತಲ ಮೂಲೆಯಲ್ಲಿಡಿರಿ. ಅಡಿಕೆ ಒಣಗಿಸುವ ಅಂಗಳದ ಬದಿ ಬೇಡ, ಜನರ ಓಡಾಟ ಹೆಚ್ಚಾದಲ್ಲಿ ಹೇಂಟೆ ಬೆದರುತ್ತದೆ.

ಊರಕೋಳಿಗೆ 10ರಿಂದ 12 ಮೊಟ್ಟೆ, ಚಳಿಗಾಲದಲ್ಲಿ ಅಥವಾ ಚಿಕ್ಕ ಹೇಂಟೆಯಾದರೆ 8ರಿಂದ 9 ಸಾಕು. ಹೇಂಟೆ ಕೂತಾಗ ರೆಕ್ಕೆಯ ಹೊರಗೆ ಒಂದು ಮೊಟ್ಟೆಯೂ ಕಾಣಬಾರದು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಹೇಂಟೆ ಸಾಮಾನ್ಯವಾಗಿ ಕಾವಿಗೆ ಕೂರದು. ಅದರ ಮೊಟ್ಟೆಯನ್ನು ಊರಕೋಳಿಯ ಕೆಳಗೆ ಇಡಬಹುದು, ಗಾತ್ರ ದೊಡ್ಡದಾದ್ದರಿಂದ ಸಂಖ್ಯೆ ಕಡಿಮೆಯಿರಲಿ. ಆದರೆ ಅದು ಮಿಶ್ರತಳಿ, ಮರಿಗಳಲ್ಲಿ ತಾಯಿತಂದೆಯ ಗುಣ ಒಂದೇ ಸಮನಾಗಿ ಉಳಿಯದು. ತೋಟದಂಚಿನಲ್ಲಿ ಸಿಕ್ಕಿತೆಂದು ಕಾಡುಕೋಳಿಯ ಮೊಟ್ಟೆ ತಂದು ಕಾವಿಗಿಡುವುದು ಮಾತ್ರ ಸಲ್ಲದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ದಿನಕ್ಕೊಮ್ಮೆ ಹೇಂಟೆ ತಾನಾಗಿ ಎದ್ದು ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ ಹದಿನೈದಿಪ್ಪತ್ತು ನಿಮಿಷದಲ್ಲಿ ಮರಳುತ್ತದೆ. ಅಷ್ಟು ಹೊತ್ತು ಮೊಟ್ಟೆ ಆರಿದರೆ ದೋಷವಿಲ್ಲ. ಏಳದೇ ಕೂತರೆ ನಾವೇ ಎಬ್ಬಿಸಬೇಕು, ಇಲ್ಲವಾದರೆ ಬುಟ್ಟಿಯಲ್ಲೇ ಹಿಕ್ಕೆ ಹಾಕುತ್ತದೆ.

ಪರೀಕ್ಷೆ ಏಕೆ ಬೇಕು

ಮೊಟ್ಟೆಗೆ ಬೇಕಾದ ಕಾವು ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಹೇಂಟೆಯ ಎದೆಯ ಕೆಳಗೆ ನಡುವಿನ ಮೊಟ್ಟೆಗಳಿಗೆ ಕಾವು ಹೆಚ್ಚು, ಅಂಚಿನವಕ್ಕೆ ಕಡಿಮೆ. ಅದಕ್ಕಾಗಿಯೇ ಹೇಂಟೆ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತ, ನಡುವಿನದನ್ನು ಅಂಚಿಗೂ ಅಂಚಿನದನ್ನು ನಡುವಿಗೂ ತರುತ್ತಿರುತ್ತದೆ. ಜೀವವಿಲ್ಲದ ನಾಲ್ಕು ಮೊಟ್ಟೆಗಳು ಬುಟ್ಟಿಯಲ್ಲಿದ್ದರೆ ಅವೂ ಸರದಿಯಂತೆ ನಡುವಿನ ಜಾಗ ಹಿಡಿಯುತ್ತವೆ, ಜೀವವಿರುವುದು ಅಂಚಿಗೆ ಹೋಗುತ್ತದೆ. ಜೊತೆಗೆ, ಕಾವಿನ ಎರಡನೆಯ ಅರ್ಧದಲ್ಲಿ ಬೆಳೆದ ಭ್ರೂಣ ತಾನೇ ಶಾಖ ಬಿಟ್ಟು ಪಕ್ಕದ ಮೊಟ್ಟೆಯನ್ನೂ ಬೆಚ್ಚಗಿಡುತ್ತದೆ. ಸತ್ತ ಮೊಟ್ಟೆಯಿಂದ ಆ ಉಪಕಾರವಿಲ್ಲ. ಅದು ಕೊಳೆತು ಒಡೆದರಂತೂ ಅದರ ರಸ ಉಳಿದ ಮೊಟ್ಟೆಗಳ ರಂಧ್ರಗಳಿಗೆ ಇಳಿದು ಇಡೀ ಬುಟ್ಟಿಯೇ ಹಾಳಾಗಬಹುದು.

ಚಾಲಿ ಅಡಿಕೆ ಸುಲಿದ ಮೇಲೆ ಪಟೋರ, ಕೋಕ ಎಂದು ಬೇರೆ ಮಾಡುತ್ತೇವೆ. ಕಾಫಿ ಹಣ್ಣನ್ನು ನೀರಿಗೆ ಹಾಕಿ ತೇಲುವುದನ್ನು ತೆಗೆಯುತ್ತೇವೆ. ಮೊಟ್ಟೆಯ ಪರೀಕ್ಷೆಯೂ ಅದೇ ಬಗೆಯ ವಿಂಗಡಣೆ.

ಪರೀಕ್ಷೆಯ ಕ್ರಮ

ಹಿಂದೆ ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಸಿಲಿಗೆದುರಾಗಿ ನೋಡುತ್ತಿದ್ದರು. ಈಗ ಒಂದು ಟಾರ್ಚು ಮತ್ತು ರಟ್ಟಿನ ಪೆಟ್ಟಿಗೆಯಿದ್ದರೆ ಕೆಲಸ ಸುಲಭ. ಚಪ್ಪಲಿಯ ಪೆಟ್ಟಿಗೆಯ ಒಂದು ಬದಿಗೆ ಅಂಗುಲದಷ್ಟು ಅಗಲದ ದುಂಡು ತೂತು ಕೊರೆದು, ಒಳಗಿನಿಂದ ಟಾರ್ಚಿನ ಬೆಳಕು ಆ ತೂತಿನಿಂದ ಮಾತ್ರ ಹೊರಬರುವಂತೆ ಇಡಿರಿ. ಮೊಬೈಲ್ ಫೋನಿನ ಬೆಳಕೂ ಆಗುತ್ತದೆ. ಬಿಸಿಯೇರುವ ಹಳೆಯ ಬಲ್ಬಾದರೆ ಮೊಟ್ಟೆಯನ್ನು ಹೆಚ್ಚು ಹೊತ್ತು ಹಿಡಿಯಬಾರದು.

1. ಕತ್ತಲಾದ ಮೇಲೆ, ಕೋಣೆಯ ದೀಪ ಆರಿಸಿ ನೋಡಬೇಕು. ಇಬ್ಬರಿದ್ದರೆ ಅನುಕೂಲ, ಒಬ್ಬರು ಹೇಂಟೆಯನ್ನು ನೋಡಿಕೊಳ್ಳಲಿ.

2. ಕೈ ಸ್ವಚ್ಛವಾಗಿ ತೊಳೆದು ಒರೆಸಿಕೊಂಡು, ಹೇಂಟೆಯ ಕೆಳಗಿನಿಂದ ಎರಡೆರಡೇ ಮೊಟ್ಟೆ ತೆಗೆಯಬೇಕು.

3. ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ತಾಗಿಸಿ, ಸ್ವಲ್ಪ ಓರೆ ಮಾಡಿ, ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಅಲುಗಿಸಿ ಕುಲುಕಬಾರದು.

4. ನೋಡಿದ ಮೊಟ್ಟೆಗೆ ಸೀಸದಕಡ್ಡಿಯಿಂದ ಗುರುತು ಹಾಕಿ ಕೂಡಲೇ ಹೇಂಟೆಯ ಕೆಳಗೆ ಸೇರಿಸಬೇಕು.

ಏಳನೆಯ ರಾತ್ರಿ ಕಾಣುವುದು

ಜೀವವಿರುವ ಮೊಟ್ಟೆ: ದಪ್ಪ ತುದಿಯಲ್ಲಿ ಗಾಳಿಯ ಗೂಡು ತಿಳಿಯಾಗಿ ಕಾಣುತ್ತದೆ. ಅದರ ಕೆಳಗೆ ಕಪ್ಪು ಚುಕ್ಕಿ, ಅದರಿಂದ ಎಲ್ಲ ದಿಕ್ಕಿಗೂ ಹರಡಿದ ಕೆಂಪು ನರಗಳು. ಜೇಡವೊಂದು ಕಾಲು ಚಾಚಿ ಕೂತಂತೆ ಕಾಣುತ್ತದೆ. ಗಮನವಿಟ್ಟು ನೋಡಿದರೆ ಚುಕ್ಕಿ ಅಲುಗುವುದೂ ಕಾಣಬಹುದು. ಹೃದಯ ಎರಡನೆಯ ದಿನವೇ ಬಡಿಯತೊಡಗಿರುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಅರಿಸ್ಟಾಟಲ್, ಕಾವಿನ ಮೊಟ್ಟೆಗಳ ಒಳಗನ್ನು ಪರಿಶೀಲಿಸಿ ಈ ಮಿಡಿಯುವ ಕೆಂಪು ಬಿಂದುವನ್ನು ಬರೆದಿಟ್ಟಿದ್ದಾನೆ.

ಬರಿ ಮೊಟ್ಟೆ: ಒಳಗೆಲ್ಲ ಒಂದೇ ಸಮನಾದ ತಿಳಿ ಬೆಳಕು. ಹಳದಿಯ ನೆರಳು ಮಾತ್ರ ತೇಲಾಡುತ್ತದೆ, ನರವಿಲ್ಲ. ಇದು ಹುಂಜ ಕೂಡದ ಮೊಟ್ಟೆ, ಇಲ್ಲವೇ ಮೊದಲ ದಿನಗಳಲ್ಲೇ ಭ್ರೂಣ ನಾಶವಾದದ್ದು.

ರಕ್ತದ ಬಳೆ: ನರಗಳ ಜಾಲವಿಲ್ಲ, ಬದಲಿಗೆ ಚಿಪ್ಪಿನ ಒಳಮೈಗೆ ಅಂಟಿದಂತೆ ಕೆಂಪು ಬಳೆ ಅಥವಾ ಗೆರೆ. ಭ್ರೂಣ ಕೆಲವು ದಿನ ಬೆಳೆದು ಸತ್ತಿದೆ.

ಅನುಮಾನದ ಮೊಟ್ಟೆ: ಚಿಪ್ಪು ಕಂದು ಅಥವಾ ದಪ್ಪವಾಗಿದ್ದರೆ ಸ್ಪಷ್ಟವಾಗಿ ಕಾಣದು. ಇಂಥದಕ್ಕೆ ಬೇರೆ ಗುರುತು ಹಾಕಿ ಹತ್ತನೆಯ ರಾತ್ರಿ ಮತ್ತೆ ನೋಡಿರಿ. ಅನುಮಾನವಿದ್ದುದನ್ನು ಎಸೆಯಬಾರದು.

ಬರಿ ಮೊಟ್ಟೆ, ರಕ್ತದ ಬಳೆಯ ಮೊಟ್ಟೆ ಎರಡನ್ನೂ ತೆಗೆದುಬಿಡಬೇಕು. ಇವನ್ನು ಮನೆಯವರು ತಿನ್ನುವುದು ಬೇಡ, ದೂರದಲ್ಲಿ ಗುಂಡಿ ತೆಗೆದು ಹೂಳಿರಿ. ಎರಡು ಹೇಂಟೆಗಳನ್ನು ಒಂದೇ ದಿನ ಕೂರಿಸಿದವರಿಗೆ ಇಲ್ಲಿ ಒಂದು ಲಾಭವಿದೆ. ಎರಡು ಬುಟ್ಟಿಯ ಒಳ್ಳೆಯ ಮೊಟ್ಟೆಗಳು ಒಬ್ಬ ತಾಯಿಗೆ ಸಾಕಾಗುವಷ್ಟೇ ಇದ್ದರೆ ಅವನ್ನು ಒಂದೇ ಹೇಂಟೆಗೆ ಸೇರಿಸಿ, ಇನ್ನೊಂದಕ್ಕೆ ಹೊಸ ಮೊಟ್ಟೆ ಇಡಬಹುದು. ಆ ಹೇಂಟೆ ಏಳು ದಿನ ಹೆಚ್ಚು ಕೂರುವುದರಿಂದ ಅದಕ್ಕೆ ಕಾಳು ನೀರಿನ ಆರೈಕೆ ಹೆಚ್ಚು ಬೇಕು.

ಹದಿನಾಲ್ಕನೆಯ ರಾತ್ರಿ

ಈಗ ಜೀವವಿರುವ ಮೊಟ್ಟೆಯ ಮುಕ್ಕಾಲು ಪಾಲು ಕಪ್ಪಾಗಿರುತ್ತದೆ. ಗಾಳಿಯ ಗೂಡಿನ ಅಂಚು ಸ್ಪಷ್ಟವಾಗಿದ್ದು, ಅದರ ಬದಿಯಲ್ಲಿ ನರಗಳು ಕಾಣುತ್ತವೆ. ಸತ್ತದ್ದಾದರೆ ಒಳಗೆ ಮಸುಕು ಮಸುಕಾಗಿ, ತಿರುಗಿಸಿದಾಗ ನೀರಿನಂತೆ ತುಳುಕುತ್ತದೆ, ನರವಿರುವುದಿಲ್ಲ.

ಗಾಳಿಯ ಗೂಡಿನ ಗಾತ್ರವನ್ನೂ ಗಮನಿಸಬೇಕು. ಕಾವಿನಲ್ಲಿ ಮೊಟ್ಟೆಯ ನೀರಿನಂಶ ರಂಧ್ರಗಳಿಂದ ಆವಿಯಾಗಿ, ತೂಕದ ಎಂಟರಲ್ಲೊಂದು ಪಾಲಿನಷ್ಟು ಇಳಿಯುತ್ತದೆ. ಆ ಜಾಗವನ್ನು ಗಾಳಿ ತುಂಬುತ್ತದೆ. ಕೊನೆಯಲ್ಲಿ ಮರಿ ಮೊದಲ ಉಸಿರೆಳೆಯುವುದು ಈ ಗಾಳಿಯನ್ನೇ. ಏಳನೆಯ ರಾತ್ರಿಯೇ ಗೂಡಿನ ಅಂಚನ್ನು ಸೀಸದಕಡ್ಡಿಯಿಂದ ಚಿಪ್ಪಿನ ಮೇಲೆ ಗೀರಿಟ್ಟರೆ ಹದಿನಾಲ್ಕನೆಯ ರಾತ್ರಿ ಹೋಲಿಸಲು ಸುಲಭ. ಮಳೆಗಾಲದ ತೇವದಲ್ಲಿ ಗೂಡು ದೊಡ್ಡದಾಗದಿದ್ದರೆ ಬುಟ್ಟಿಯ ಹಸಿ ಮಣ್ಣು ತೆಗೆದು ಒಣ ಹುಲ್ಲು ಹಾಕಿ ನೆಲದಿಂದ ಎತ್ತರಿಸಿ ಇಡಬೇಕು. ಬೇಸಿಗೆಯ ಒಣ ಹವೆಯಲ್ಲಿ ಗೂಡು ಅತಿಯಾಗಿ ಬೆಳೆದಿದ್ದರೆ ಬುಟ್ಟಿಯಂಚಿನ ಮಣ್ಣಿಗೆ ತುಸು ನೀರು ಚಿಮುಕಿಸಬೇಕು, ಮೊಟ್ಟೆಗೆ ಬೀಳಬಾರದು.

ಹದಿನೆಂಟನೆಯ ದಿನದಿಂದ ಮೊಟ್ಟೆಗೆ ಕೈ ಹಾಕುವುದು ಬೇಡ. ಮರಿ ಆಗ ತಲೆಯನ್ನು ಗಾಳಿಯ ಗೂಡಿನತ್ತ ತಿರುಗಿಸಿ ಹೊರಬರಲು ಸಿದ್ಧವಾಗುತ್ತಿರುತ್ತದೆ.

ಮೊಟ್ಟೆ ಹೇಳುವ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. 12 ಮೊಟ್ಟೆ ಇಟ್ಟೆವು. ಏಳನೆಯ ರಾತ್ರಿ 3 ಬರಿ, 1 ರಕ್ತದ ಬಳೆ. ಹದಿನಾಲ್ಕನೆಯ ರಾತ್ರಿ 1 ಸತ್ತಿತ್ತು. ಉಳಿದ 7 ಮರಿಯಾದವು. ಒಟ್ಟು ಮೊಟ್ಟೆಗೆ ಲೆಕ್ಕ ಹಾಕಿದರೆ ನೂರಕ್ಕೆ 58. ಆದರೆ ಹುಂಜ ಕೂಡಿದ 9 ಮೊಟ್ಟೆಗೆ ಲೆಕ್ಕ ಹಾಕಿದರೆ ನೂರಕ್ಕೆ 78. ಅಂದರೆ ಹೇಂಟೆಯ ಕೆಲಸ ಚೆನ್ನಾಗಿಯೇ ಇದೆ. ನಾವು ಗಮನಿಸಬೇಕಾದದ್ದು ಹುಂಜದ ಕಡೆಗೆ. ಪರೀಕ್ಷೆ ಮಾಡದ ಮನೆಯಲ್ಲಿ ಇದೇ ಫಲ ಬಂದಿದ್ದರೆ "ಈ ಹೇಂಟೆ ಸರಿಯಿಲ್ಲ" ಎಂದು ಒಳ್ಳೆಯ ತಾಯಿಕೋಳಿಯನ್ನು ಮಾರಿಬಿಡುವ ಸಂಭವವಿತ್ತು.

ಬರಿ ಮೊಟ್ಟೆ ಹೆಚ್ಚಾದರೆ: ಹುಂಜ ಮುದಿಯಾಗಿದೆಯೇ, ಕಾಲು ಕುಂಟೇ, ಹೇಂಟೆಗಳ ಸಂಖ್ಯೆ ಹೆಚ್ಚೇ ಎಂದು ನೋಡಿರಿ.

ರಕ್ತದ ಬಳೆ ಹೆಚ್ಚಾದರೆ: ಮೊಟ್ಟೆ ಹಳೆಯದು, ಸೆಕೆಯಲ್ಲಿ ಕೂಡಿಟ್ಟದ್ದು, ಸಾಗಿಸುವಾಗ ಕುಲುಕಿದ್ದು, ಇಲ್ಲವೇ ಮೊದಲ ವಾರ ಹೇಂಟೆ ಸರಿಯಾಗಿ ಕೂರದಿದ್ದುದು ಕಾರಣ. ಚಿಪ್ಪಿನ ಮೇಲೆ ಬರೆದ ತಾರೀಖು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಎರಡನೆಯ ವಾರದಲ್ಲಿ ಸತ್ತವು ಹೆಚ್ಚಾದರೆ: ಹೇಂಟೆಯ ಆಹಾರ ಸಾಲದು, ರಕ್ತಸಂಬಂಧ ಹತ್ತಿರವಾಗಿದೆ, ಇಲ್ಲವೇ ಬುಟ್ಟಿಯಲ್ಲಿ ಕೊಳೆತ ಮೊಟ್ಟೆಯ ಸೋಂಕಿದೆ.

ಪೂರ್ತಿ ಬೆಳೆದು ಚಿಪ್ಪಿನಲ್ಲೇ ಸತ್ತರೆ: ತೇವ ಹೆಚ್ಚು ಅಥವಾ ಕಡಿಮೆಯಾದದ್ದು, ಕೊನೆಯ ದಿನಗಳಲ್ಲಿ ಹೇಂಟೆ ಬೆದರಿ ಎದ್ದದ್ದು, ಇಲ್ಲವೇ ನಾವು ಮತ್ತೆ ಮತ್ತೆ ಮುಟ್ಟಿದ್ದು.

ಮರಿ ಬಂದ ಮೇಲೆ

ಇಪ್ಪತ್ತನೆಯ ದಿನದ ಹೊತ್ತಿಗೆ ಒಳಗಿನಿಂದ ಚಿಯ್ಯೆನ್ನುವ ಸದ್ದು ಕೇಳುತ್ತದೆ. ಚಿಪ್ಪಿಗೆ ತೂತು ಬಿದ್ದ ಮೇಲೂ ಹೊರಬರಲು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಬೇಕಾಗಬಹುದು. ಅವಸರಪಟ್ಟು ಚಿಪ್ಪು ಕೀಳಬಾರದು. ಚಿಪ್ಪಿನ ಒಳಪೊರೆಯ ನರಗಳಲ್ಲಿ ಆಗ ಇನ್ನೂ ರಕ್ತವಿರುತ್ತದೆ, ಹಳದಿಯೂ ಪೂರ್ತಿ ಹೊಟ್ಟೆಗೆ ಸೇರಿರುವುದಿಲ್ಲ. ಹೊಟ್ಟೆಗೆ ಸೇರಿದ ಈ ಹಳದಿಯೇ ಮರಿಗೆ ಎರಡು ದಿನದ ಬುತ್ತಿ, ಆದುದರಿಂದ ಮೊದಲ ದಿನ ಕಾಳಿಲ್ಲವೆಂದು ಗಾಬರಿ ಬೇಡ. ಇಪ್ಪತ್ತಮೂರನೆಯ ದಿನಕ್ಕೂ ಒಡೆಯದ ಮೊಟ್ಟೆಗಳನ್ನು ಮನೆಯಿಂದ ದೂರ ಒಯ್ದು ಒಡೆದು, ಯಾವ ಹಂತದಲ್ಲಿ ಸತ್ತಿದೆಯೆಂದು ನೋಡಿ, ಲೆಕ್ಕಕ್ಕೆ ಬರೆದು ಹೂಳಿರಿ.

ಮೊದಲು ಉಗುರುಬೆಚ್ಚಗಿನ ನೀರನ್ನು ಆಳವಿಲ್ಲದ ಪಾತ್ರೆಯಲ್ಲಿ, ನಡುವೆ ನಾಲ್ಕು ಬೆಣಚುಕಲ್ಲು ಹಾಕಿ ಇಡಬೇಕು, ಮರಿ ಮುಳುಗದು. ಅಡಿಕೆ ಹಾಳೆಯ ತುಂಡಿನ ಮೇಲೆ ನುಚ್ಚಕ್ಕಿ ಅಥವಾ ಮರಿಗಳ ಆಹಾರ ಹರಡಿರಿ, ಗೆದ್ದಲು ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲ ಎರಡು ವಾರ ತಾಯಿ ಮರಿಗಳನ್ನು ದೊಡ್ಡ ಬುಟ್ಟಿಯಡಿ ಇಟ್ಟು ಹದ್ದು, ಕಾಗೆಗಳಿಂದ ಕಾಯಬೇಕು. ತೋಟಕ್ಕೆ ಔಷಧಿ ಹೊಡೆಯುವ ದಿನ ಕೋಳಿಗಳನ್ನು ಹೊರಗೆ ಬಿಡದಿರಿ.

ರಾಣಿಖೇತ್ ರೋಗಕ್ಕೆ ಮದ್ದಿಲ್ಲ, ಲಸಿಕೆಯೊಂದೇ ದಾರಿ. 5ರಿಂದ 7ನೆಯ ದಿನದೊಳಗೆ ಎಫ್-1 ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಹನಿಯಾಗಿ, ಎಂಟನೆಯ ವಾರದ ಸುಮಾರಿಗೆ ಆರ್-2ಬಿ ಚುಚ್ಚುಮದ್ದನ್ನು ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು. ಲಸಿಕೆಯ ಒಂದು ಶೀಶೆ ನೂರು ಕೋಳಿಗೂ ಮೇಲಾಗುತ್ತದೆ, ಕಲಸಿದ ಮೇಲೆ ಉಳಿಯದು. ಹತ್ತು ಮರಿಯ ಮನೆಯವರು ಒಬ್ಬರೇ ತರುವುದು ಕಷ್ಟ. ನೆರೆಯ ಐದಾರು ಮನೆಯವರು ಒಂದೇ ವಾರದಲ್ಲಿ ಹೇಂಟೆಗಳನ್ನು ಕಾವಿಗೆ ಕೂರಿಸಿದರೆ ಒಂದೇ ಶೀಶೆಯಲ್ಲಿ ಎಲ್ಲರ ಮರಿಗಳಿಗೂ ಆಗುತ್ತದೆ.

ನೆನಪಿಡಬೇಕಾದ ದಿನಗಳು

ಮೊದಲ ರಾತ್ರಿ: ಎಲ್ಲ ಮೊಟ್ಟೆ ಒಟ್ಟಿಗೆ ಇಡುವುದು, ಸಂಖ್ಯೆ ಬರೆಯುವುದು.
7ನೆಯ ರಾತ್ರಿ: ಮೊದಲ ಪರೀಕ್ಷೆ. ಬರಿ ಎಷ್ಟು, ಬಳೆ ಎಷ್ಟು ಎಂದು ಬರೆಯುವುದು.
10ನೆಯ ರಾತ್ರಿ: ಅನುಮಾನದವನ್ನು ಮಾತ್ರ ನೋಡುವುದು.
14ನೆಯ ರಾತ್ರಿ: ಎರಡನೆಯ ಪರೀಕ್ಷೆ, ಗಾಳಿಯ ಗೂಡಿನ ಗಾತ್ರ ನೋಡುವುದು.
18ನೆಯ ದಿನದಿಂದ: ಮುಟ್ಟದಿರುವುದು.
21ನೆಯ ದಿನ: ಮರಿ. ಬಾತುಕೋಳಿಯ ಮೊಟ್ಟೆ ಇಟ್ಟವರು 28 ದಿನ ಕಾಯಬೇಕು.
23ನೆಯ ದಿನ: ಉಳಿದವನ್ನು ಒಡೆದು ನೋಡಿ ಲೆಕ್ಕ ಮುಗಿಸುವುದು.

ಮಳೆ ನಿಂತ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಕಾವಿಗೆ ಒಳ್ಳೆಯ ಕಾಲ. ಸೆಕೆಯೂ ಇಲ್ಲ, ಮರಿಗಳಿಗೆ ಮಳೆಯ ತೇವವೂ ಇಲ್ಲ. ಮುಂದಿನ ಸಲ ಹೇಂಟೆ ಕಾವಿಗೆ ಬಂದಾಗ ಲೆಕ್ಕಪುಸ್ತಕದ ಒಂದು ಹಾಳೆಯನ್ನು ಅದಕ್ಕೆ ಬಿಟ್ಟು, ಮೇಲಿನ ಏಳು ಸಾಲುಗಳನ್ನು ಬರೆದಿಟ್ಟುಕೊಳ್ಳಿರಿ. ಮೂರು ಕಾವುಗಳ ಲೆಕ್ಕ ಕೂಡಿದ ಮೇಲೆ, ಬದಲಿಸಬೇಕಾದದ್ದು ಹುಂಜವೋ, ಮೊಟ್ಟೆ ಕೂಡಿಡುವ ಜಾಗವೋ, ಬುಟ್ಟಿಯೋ ಎಂಬುದು ಆ ಹಾಳೆಯಲ್ಲೇ ಕಾಣಿಸುತ್ತದೆ.